ಸಹಾಯ ಬೇಕು: ವ್ಯಾನಿನ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ತೊಂದರೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಏಳು ಸೀಟಿನ ವ್ಯಾನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು), ಸ್ಟೆಬಿಲಿಟಿ (ಗಾಡಿ ಜಾರದಂತೆ ನೋಡ್ಕೊಳ್ಳೋದು) ಲೈಟ್ ಎರಡೂ ಹತ್ತಿಕೊಳ್ತಿವೆ. ದೋಷ ಓದೋ ಸ್ಕ್ಯಾನರ್ ಹಾಕಿದರೆ ಯು0126 ಅನ್ನೋ ಕೋಡ್ ಬರುತ್ತೆ, ಅಂದರೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ (ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಅಳೆಯೋದು) ಜೊತೆ ಸಂಪರ್ಕ ಕಡಿದಿದೆ ಅಂತ. ಅಳಿಸಿದರೆ ಹೋಗುತ್ತೆ, ಚಾರ್ಮಾಡಿ ಘಾಟಿಯ ಎರಡು ತಿರುವು ದಾಟೋದ್ರೊಳಗೆ ಮತ್ತೆ ಹಾಜರ್. ನೇರ ರಸ್ತೇಲಿ ಬರಲ್ಲ. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ತಿರುವಿನ ಡಿಗ್ರಿ ಮಾಯ. ಹಾಗಾಗಿ ನನಗೆ ಸೆನ್ಸರಿಗಿಂತ ವೈರ್ ಮೇಲೇ ಅನುಮಾನ.

ಬ್ಯಾಟರಿ, ಫ್ಯೂಸ್ ಸರಿಯಿವೆ. ಹಾರ್ನ್ ಕೆಲಸ ಮಾಡ್ತಿದೆ, ಏರ್‌ಬ್ಯಾಗ್ ಲೈಟ್ ಬಂದಿಲ್ಲ. ಗ್ಯಾರೇಜಿನವರು ಬಿಚ್ಚಿ ನೋಡದೇನೇ ಸೆನ್ಸರ್ ಬದಲಿಸಿ ಅಂದ್ರು.

ಬ್ಯಾಟರಿ ಟರ್ಮಿನಲ್ ಬಿಚ್ಚಿಯೇ ಕೈ ಹಾಕ್ತೀನಿ. ಸ್ಟೀರಿಂಗ್ ಚಕ್ರ ಕಳಚದೆ, ಬರೀ ಕಾಲಮ್ ಕವರ್ (ಚಕ್ರದ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ) ತೆಗೆದು ಸೆನ್ಸರಿನ ಕನೆಕ್ಟರ್ ಕ್ಲೀನ್ ಮಾಡಿದವರು ಯಾರಾದ್ರೂ ಇದ್ದೀರಾ? ಆಮೇಲೆ ಸೆನ್ಸರ್ ಕ್ಯಾಲಿಬ್ರೇಶನ್ (ನೇರ ಇರೋ ಸ್ಥಾನವನ್ನ ಸೊನ್ನೆಗೆ ಹೊಂದಿಸೋದು) ಮಾಡೋ ಸ್ಕ್ಯಾನರ್ ಚಿಕ್ಕಮಗಳೂರು, ಹಾಸನದ ಕಡೆ ಯಾರ ಹತ್ರ ಇದೆ? ಅಮ್ಮನ್ನ ಆಸ್ಪತ್ರೆಗೆ ಇದೇ ಘಾಟಿಯಲ್ಲಿ ಕರ್ಕೊಂಡು ಹೋಗ್ಬೇಕು, ಮಳೆ ಹಿಡಿಯೋಕೆ ಮುಂಚೆ ಸರಿಮಾಡಲೇಬೇಕು. ದಯವಿಟ್ಟು ತಿಳಿಸಿ.