ಡ್ರಿಫ್ಟ್ ಸ್ಪರ್ಧೆಯಲ್ಲಿ ಹಳೆಯ ಕಾಂಟೆಸಾ: ಎರಡನೆಯ ತಿರುವಿನಲ್ಲಿ ಸೋಲುತ್ತಿರುವುದು ಕಾರೋ, ನಾನೋ?

ಹದಡಿ ರಸ್ತೆಯವನು (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಹದಡಿ ರಸ್ತೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವವನು. ಕಾರು ಓಡಿಸುವುದು ನನಗೆ ಹವ್ಯಾಸ ಮಾತ್ರ. ದೊಡ್ಡಪ್ಪನವರಿಂದ ನನಗೆ ಬಂದ, 1.8 ಲೀಟರಿನ ಇಸುಜು ಎಂಜಿನ್ ಇರುವ ಕಾಂಟೆಸಾ ಒಂದಿದೆ. ಹಿಂಚಕ್ರಗಳಿಗೆ ಶಕ್ತಿ ಹೋಗುವ ಕಾರು ನಮ್ಮ ಮನೆಯಲ್ಲಿ ಅದೊಂದೇ ಆದ್ದರಿಂದ, ಕಳೆದ ತಿಂಗಳು ಬೆಂಗಳೂರಿನ ಹೊರವಲಯದ ಖಾಸಗಿ ಕಾಂಕ್ರೀಟ್ ಅಂಗಳವೊಂದರಲ್ಲಿ ನಡೆದ ಡ್ರಿಫ್ಟ್ (ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸುತ್ತಾ ತಿರುವು ದಾಟುವ) ಸ್ಪರ್ಧೆಯ ಹವ್ಯಾಸಿ ವಿಭಾಗಕ್ಕೆ ಅದನ್ನೇ ಓಡಿಸಿಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ನಾಲ್ಕು ಸೆಕೆಂಡ್‌ಹ್ಯಾಂಡ್ ಟೈರು, ಪಕ್ಕದ ಸೀಟಿನಲ್ಲಿ ನನ್ನ ಷಡ್ಡಕ, ಹೀಗೆ ನಸುಕಿನಲ್ಲೇ ದಾವಣಗೆರೆ ಬಿಟ್ಟಿದ್ದೆವು.

ಬೆಳಗಿನ ತಪಾಸಣೆಯಲ್ಲೇ ಮೊದಲ ಪಾಠವಾಯಿತು. ಹೆಲ್ಮೆಟ್, ಸೀಟ್ ಬೆಲ್ಟ್, ಬ್ಯಾಟರಿಯ ಕ್ಲ್ಯಾಂಪು, ಎಳೆಯುವ ಕೊಕ್ಕೆ ಎಲ್ಲವನ್ನೂ ನೋಡಿದ ಮೇಲೆ, ಕಾರಿನೊಳಗೆ ಸಡಿಲವಾದ ವಸ್ತು ಏನೂ ಇರಕೂಡದೆಂದು ಹೇಳಿದ ತಪಾಸಕರು ಸೀಟಿನ ಕೆಳಗೆ ಕೈ ಹಾಕಿ, ಆಯುಧಪೂಜೆಯ ಒಣಗಿದ ನಿಂಬೆಹಣ್ಣು, ಒಂದು ಹಿಡಿ ಮಂಡಕ್ಕಿ ಮತ್ತು ಒಂದು ಹತ್ತರ ಸ್ಪ್ಯಾನರನ್ನು ಹೊರತೆಗೆದು ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟರು. ಆ ಸ್ಪ್ಯಾನರನ್ನು ನಾನು ಎರಡು ವರ್ಷದಿಂದ ಹುಡುಕುತ್ತಿದ್ದೆ.

ನೇರ ಓಟದ ಕೊನೆಯಲ್ಲಿ ಎಡಕ್ಕೆ ಒಂದು ಉದ್ದನೆಯ ತಿರುವು, ಅದು ಮುಗಿಯುತ್ತಿದ್ದಂತೆಯೇ ಕಾರಿನ ಮಗ್ಗುಲು ಬದಲಿಸಿ ಬಲಕ್ಕೆ ಒಂದು ಗಿಡ್ಡ ತಿರುವು: ಕೋನುಗಳನ್ನಿಟ್ಟು ಗುರುತಿಸಿದ ಹಾದಿ ಇಷ್ಟೇ. ಗುರುತಿಸಿದ ಹಾದಿಯಲ್ಲಿ ಸಾಗಿದೆಯೇ, ಕಾರು ಎಷ್ಟು ಓರೆಯಾಗಿದೆ, ಓಟದಲ್ಲಿ ಲವಲವಿಕೆ ಎಷ್ಟಿದೆ ಎಂಬುದನ್ನು ನೋಡಿ ನೂರಕ್ಕೆ ಅಂಕ ಕೊಡುತ್ತಾರೆ. ಕಾರು ಗಿರಕಿ ಹೊಡೆದು ನಿಂತರೆ ಆ ಓಟಕ್ಕೆ ಸೊನ್ನೆ. ಅರ್ಹತೆಯ ಮೊದಲ ಓಟದಲ್ಲಿ ನನಗೆ 46 ಅಂಕ ಬಂದವು. ಎಡತಿರುವಿನ ಅರ್ಧದವರೆಗೆ ಹಿಂಭಾಗ ಚೆನ್ನಾಗಿಯೇ ಜಾರಿತು. ಆಮೇಲೆ ಎಂಜಿನ್ ಕೂಗುತ್ತಲೇ ಇದ್ದರೂ ಕಾರು ತಾನಾಗಿ ನೆಟ್ಟಗಾಯಿತು. ಎರಡನೆಯ ಓಟದಲ್ಲಿ ಹಟ ಹಿಡಿದು ಹೆಚ್ಚಿನ ವೇಗದಲ್ಲಿ ನುಗ್ಗಿದೆ. ಎಡತಿರುವನ್ನು ದಾಟಿಸಿದೆನಾದರೂ ಬಲಕ್ಕೆ ಮಗ್ಗುಲು ಬದಲಿಸುವಾಗ ಕಾರು ಹಗ್ಗ ಹರಿದ ಹೋರಿಯಂತೆ ಗಿರ್ರನೆ ತಿರುಗಿ, ನಾನು ಬಂದ ದಾರಿಯತ್ತ ಮುಖ ಮಾಡಿ ನಿಂತುಕೊಂಡಿತು.

ಸ್ಪರ್ಧಿಗಳು ಕಡಿಮೆ ಇದ್ದುದರಿಂದ 46 ಅಂಕದಲ್ಲೇ ಜೋಡಿ ಓಟದ ಕೊನೆಯ ಸ್ಥಾನ ದಕ್ಕಿತು. ಮೊದಲು ನಾನು ಮುಂದೆ, ಎದುರಾಳಿ ಹಿಂದೆ. ಅದು ಹೇಗೋ ಮುಗಿಯಿತು. ಬಳಿಕ ಅವರು ಮುಂದೆ, ನಾನು ಹಿಂದೆ. ಅವರ ಬಂಪರಿಗೆ ಎಲ್ಲಿ ಗುದ್ದುತ್ತೇನೋ ಎಂದು ಕಣ್ಣನ್ನು ಅದರ ಮೇಲೆಯೇ ನೆಟ್ಟಿದ್ದವನು, ಅವರು ತಿರುಗಿದ ಮೇಲೆ ತಿರುಗಲು ಹೋಗಿ, ನೆಟ್ಟಗೆ ಕೋನುಗಳ ಮೇಲೆ ಹೋದೆ. ಹೊಗೆಯಲ್ಲಿ ನನಗೆ ಕಂಡದ್ದು ಅವರ ಬ್ರೇಕ್ ದೀಪ ಮಾತ್ರ.

ಊರಿಗೆ ಬಂದ ಮೇಲೆ ಗೆಳೆಯರಿಂದ ಮೂರು ಸಲಹೆಗಳು ಬಂದಿವೆ: ಡಿಫರೆನ್ಷಿಯಲ್ಲನ್ನು (ತಿರುವಿನಲ್ಲಿ ಎರಡು ಹಿಂಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ) ವೆಲ್ಡ್ ಮಾಡಿಸುವುದು, ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಹಾಕಿಸುವುದು, ಮತ್ತು ಹೊಸ ಬಡಾವಣೆಗಳ ಖಾಲಿ ರಸ್ತೆಯಲ್ಲಿ ರಾತ್ರಿ ಹತ್ತರ ಮೇಲೆ ಅಭ್ಯಾಸ ಮಾಡುವುದು. ಕೈಯಲ್ಲಿರುವ ಹಣ ಒಂದು ಕೆಲಸಕ್ಕೆ ಮಾತ್ರ ಸಾಲುತ್ತದೆ. ಮೊದಲು ಯಾವುದನ್ನು ಮಾಡಲಿ? ಅನುಭವಿಗಳು ದಯವಿಟ್ಟು ತಿಳಿಸಿ.

ದುರ್ಗದ ನ್ಯಾವಿಗೇಟರ್ (ಚಿತ್ರದುರ್ಗ):

ಮೊದಲ ಸ್ಪರ್ಧೆಯಲ್ಲೇ ಜೋಡಿ ಓಟದವರೆಗೆ ಹೋಗಿದ್ದೀರಿ, ಅಭಿನಂದನೆಗಳು. ನಾನು ಹಲವು ವರ್ಷ ರ‍್ಯಾಲಿ ಕಾರುಗಳಲ್ಲಿ ನಕ್ಷೆ ಹಿಡಿದು ಪಕ್ಕದಲ್ಲಿ ಕುಳಿತವನು. ಓಡಿಸಿದ್ದಕ್ಕಿಂತ ಓಡಿಸುವವರ ಕೈಗಳನ್ನು ನೋಡಿದ್ದೇ ಹೆಚ್ಚು. ಆ ನೆಲೆಯಿಂದ ಹೇಳುತ್ತೇನೆ.

ನೀವು ಬರೆದಿರುವ ಮೂರು ಸೋಲುಗಳಿಗೆ ಮೂರು ಬೇರೆ ಕಾರಣಗಳಿವೆ ಎಂದು ನನಗೆ ತೋರುತ್ತದೆ. ಗಿರಕಿ ಹೊಡೆದದ್ದು ಖಂಡಿತವಾಗಿ ಕೈಯ ತಪ್ಪು. ಕಾರು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುವಾಗ ಮುಂಚಕ್ರಗಳು ಕಾರು ಸಾಗುತ್ತಿರುವ ದಿಕ್ಕಿಗೆ ತಾವಾಗಿಯೇ ತಿರುಗಲು ನೋಡುತ್ತವೆ. ಆಗ ಸ್ಟಿಯರಿಂಗ್ ಚಕ್ರವನ್ನು ಅಂಗೈಗಳ ನಡುವೆ ಜಾರಲು ಬಿಟ್ಟು, ಬೇಕಾದ ಜಾಗ ಬಂದೊಡನೆ ಹಿಡಿದು ನಿಲ್ಲಿಸಬೇಕು. ಹೊಸಬರು ಹೆದರಿಕೆಯಿಂದ ಅದನ್ನು ಬಿಗಿಯಾಗಿ ಹಿಡಿದು, ತಾವೇ ತಿರುಗಿಸಲು ಹೆಣಗುತ್ತಾರೆ. ನಿಮ್ಮ ಕಾರಿಗೆ ಪವರ್ ಸ್ಟಿಯರಿಂಗ್ ಇಲ್ಲವೆಂದಾದರೆ ತೋಳಿನ ಬಲದಿಂದ ಅಷ್ಟು ಬೇಗ ತಿರುಗಿಸಲು ಯಾರಿಂದಲೂ ಸಾಧ್ಯವಿಲ್ಲ, ಚಕ್ರ ಮಾತ್ರ ತಾನಾಗಿ ತಿರುಗಬಲ್ಲದು. ಸ್ಪರ್ಧೆಯ ಮರುದಿನ ನಿಮಗೆ ಭುಜ ನೋವು ಬಂದಿತ್ತೇ? ಬಂದಿದ್ದರೆ ನೀವು ಸ್ಟಿಯರಿಂಗಿನ ಜೊತೆ ಕುಸ್ತಿ ಆಡಿದ್ದೀರಿ ಎಂದೇ ಅರ್ಥ.

ಜೋಡಿ ಓಟದಲ್ಲಿ ಹಿಂದಿನವನು ಮುಂದಿನ ಕಾರಿನ ಬಂಪರನ್ನಾಗಲಿ ಬ್ರೇಕ್ ದೀಪವನ್ನಾಗಲಿ ನೋಡುತ್ತಾ ಕೂರಬಾರದು. ಬಂಪರು ಏನಾಯಿತೆಂಬುದನ್ನು ಹೇಳುತ್ತದೆ, ಏನಾಗಲಿದೆ ಎಂಬುದನ್ನು ಹೇಳುವುದು ಮುಂಚಕ್ರಗಳು. ಆ ಕಾರು ಓರೆಯಾದೊಡನೆ ಅದರ ಮುಂಚಕ್ರ ನಿಮಗೆ ಕಾಣುತ್ತದೆ. ಅದರ ಮೇಲೊಂದು ಕಣ್ಣಿಟ್ಟು, ಉಳಿದಂತೆ ನೀವು ಹೋಗಬೇಕಾದ ಜಾಗವನ್ನೇ ನೋಡಿ. ಕಣ್ಣು ಹೋದ ಕಡೆಗೇ ಕೈ ಹೋಗುತ್ತದೆ, ಕೈ ಹೋದ ಕಡೆಗೆ ಕಾರು.

ಶಕ್ತಿ ಕಡಿಮೆಯೆಂದು ಕೊರಗಬೇಡಿ. 1970ರ ದಶಕದಲ್ಲಿ ಜಪಾನಿನ ಕುನಿಮಿತ್ಸು ತಕಾಹಾಶಿ ಕಾರನ್ನು ಜಾರಿಸುತ್ತಾ ತಿರುವು ದಾಟುವ ರೀತಿಯನ್ನು ರೇಸಿನಲ್ಲಿ ಬಳಸಿದ್ದೇ ವೇಗ ಕಳೆದುಕೊಳ್ಳದಿರಲೆಂದು. ಅದನ್ನು ನೋಡಿ ಬೆಳೆದ ಡ್ರಿಫ್ಟ್ ಚಾಲಕ ಕೆಯ್‌ಚಿ ತ್ಸುಚಿಯಾ ಅವರ ಹೆಸರಿನೊಂದಿಗೆ ಇಂದಿಗೂ ಅಂಟಿಕೊಂಡಿರುವ ಟೊಯೋಟಾ ಎಇ86 ಕಾರಿನದು 1.6 ಲೀಟರಿನ, ಸುಮಾರು 130 ಅಶ್ವಶಕ್ತಿಯ ಎಂಜಿನ್. ಅದು ಹಗುರ ಕಾರು, ನಿಮ್ಮದು ಭಾರ, ಶಕ್ತಿಯೂ ಅದಕ್ಕಿಂತ ಕಡಿಮೆ, ಒಪ್ಪುತ್ತೇನೆ. ಆದರೆ ಸೂತ್ರ ಒಂದೇ: ಎಂಜಿನ್ ಕೊಡಲಾರದ್ದನ್ನು ತಿರುವಿಗೆ ಬರುವಾಗಲೇ ವೇಗವಾಗಿ ತಂದಿಟ್ಟುಕೊಳ್ಳಬೇಕು. ಅರ್ಧದಲ್ಲಿ ನೆಟ್ಟಗಾದ ಸಂಗತಿಗೆ ಮಾತ್ರ ಇದಿಷ್ಟೇ ಕಾರಣವೋ ಅಲ್ಲವೋ ಎಂಬುದನ್ನು ಮೇಸ್ತ್ರಿಗಳು ಯಾರಾದರೂ ಹೇಳಲಿ.

ಹರಿಹರದ ಮೇಸ್ತ್ರಿ:

ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ. ಸ್ಪರ್ಧೆಯಲ್ಲಿ ಹಿಂದೆ ಹಾಕಿದ್ದ ಆ ಎರಡು ಟೈರುಗಳನ್ನು ಎಸೆದುಬಿಟ್ಟಿದ್ದೀರಾ, ಇಟ್ಟುಕೊಂಡಿದ್ದೀರಾ? ಇದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ, ಯಾವುದು ಎಷ್ಟು ಸವೆದಿದೆ ಎಂದು ಬರೆಯಿರಿ.

ಹದಡಿ ರಸ್ತೆಯವನು:

ಅಂಗಡಿಯ ಹಿಂದೆಯೇ ಬಿದ್ದಿದ್ದವು. ಎಡಗಡೆಯದು ಪೂರ್ತಿ ಬೋಳಾಗಿ, ಒಂದು ಕಡೆ ಒಳಗಿನ ನೂಲು ಹೊರಬಂದಿದೆ. ಬಲಗಡೆಯದರಲ್ಲಿ ಗೆರೆಗಳು ಇನ್ನೂ ಚೆನ್ನಾಗಿಯೇ ಇವೆ, ಇನ್ನೊಂದು ದಿನ ಓಡಿಸಬಹುದು. ಎರಡೂ ಒಂದೇ ಕಂಪನಿಯ, ಒಂದೇ ವಯಸ್ಸಿನ ಟೈರುಗಳು. ಭುಜ ನೋವು ಮೂರು ದಿನ ಇತ್ತು.

ಹರಿಹರದ ಮೇಸ್ತ್ರಿ:

ಅಲ್ಲಿಗೆ ಟೈರೇ ಸಾಕ್ಷಿ ಹೇಳಿತು. ಎಡಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಬಲಕ್ಕೆ ವಾಲುತ್ತದೆ, ಒಳಮಗ್ಗುಲಿನ ಎಡಚಕ್ರ ಹಗುರವಾಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಹಗುರವಾದ ಚಕ್ರ ಸುಮ್ಮನೆ ಸುತ್ತತೊಡಗಿದರೆ, ನೆಲವನ್ನು ಕಚ್ಚಿ ಹಿಡಿದಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ನಿಮ್ಮ ಎಂಜಿನ್ ಕೂಗುತ್ತಿದ್ದದ್ದು ಎಡ ಟೈರನ್ನು ಸುಡಲಿಕ್ಕೆ; ಕಾರನ್ನು ಓರೆಯಲ್ಲಿ ಹಿಡಿದಿಡಬೇಕಾದ ಬಲಚಕ್ರ ಬರೀ ಉರುಳುತ್ತಿತ್ತು. ಹೀಗಾದಾಗ ವೇಗ ಇಳಿದು, ಹಿಡಿತ ಮರಳಿ, ಕಾರು ನೆಟ್ಟಗಾಗಲೇಬೇಕು.

ಹಂತಿ ಹೊಡೆಯುವುದನ್ನು ಚಿಕ್ಕಂದಿನಲ್ಲಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಮೇಟಿಯ ಪಕ್ಕದ ಎತ್ತು ಸಣ್ಣ ಸುತ್ತು ಹಾಕುತ್ತದೆ, ಹೊರಗಿನ ಎತ್ತು ದೊಡ್ಡ ಸುತ್ತು ಹಾಕುತ್ತದೆ. ಒಂದು ನಿಧಾನ, ಇನ್ನೊಂದು ಬಿರುಸು, ಆದರೂ ಸಾಲು ಕೆಡುವುದಿಲ್ಲ. ಡಿಫರೆನ್ಷಿಯಲ್ಲಿನ ಕೆಲಸ ಅದೇ. ಅದನ್ನು ವೆಲ್ಡ್ ಮಾಡಿಸುವುದೆಂದರೆ ಎರಡೂ ಎತ್ತುಗಳು ಒಂದೇ ಅಳತೆಯ ಹೆಜ್ಜೆ ಇಡಲೆಂದು ಕಾಲುಗಳನ್ನು ಕಟ್ಟಿದಂತೆ. ಅಂಗಳದಲ್ಲಿ ಜಾರುವಾಗ ಅದರಿಂದ ಲಾಭವೇ. ಎರಡೂ ಚಕ್ರಗಳು ಒಟ್ಟಿಗೆ ಸುತ್ತಿ ಕಾರು ಓರೆಯಲ್ಲಿ ನಿಲ್ಲುತ್ತದೆ. ಆದರೆ ನೀವು ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿಲ್ಲ, 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗಿದ್ದೀರಿ. ವೆಲ್ಡ್ ಮಾಡಿಸಿದ ಕಾರು ಪೇಟೆಯ ಪ್ರತಿ ತಿರುವಿನಲ್ಲೂ ಟೈರು ಉಜ್ಜುತ್ತದೆ, ಮಳೆಯಲ್ಲಿ ಹೇಳದೆ ಕೇಳದೆ ಹಿಂಭಾಗ ಬೀಸುತ್ತದೆ, ಆಕ್ಸಲ್ ಶಾಫ್ಟಿನ ಮೇಲೆ ಬೀಳುವ ಹೊರೆಯಂತೂ ಹೇಳತೀರದು. ಕಾಂಟೆಸಾ ತಯಾರಿಕೆ ನಿಂತದ್ದು 2002ರಲ್ಲಿ. ಶಾಫ್ಟು ಮುರಿದರೆ ಗುಜರಿಗಳನ್ನು ತಿರುಗಬೇಕಾದವರು ನೀವು.

ಆದ್ದರಿಂದ ನನ್ನ ಮಾತು ಇಷ್ಟು: ಊರಿನಿಂದ ಓಡಿಸಿಕೊಂಡೇ ಹೋಗುವವರೆಗೆ ವೆಲ್ಡ್ ಮಾಡಿಸಬೇಡಿ. ಅಗ್ಗದ ಉಪಾಯವೊಂದಿದೆ. ಹಿಂದಿನ ಟೈರುಗಳು ಕಿರಿದಾಗಿರಲಿ, ಗಟ್ಟಿ ರಬ್ಬರಿನವಾಗಿರಲಿ. ಟೈರಿನ ಮೇಲೆ ಬರೆದಿರುವ ಗರಿಷ್ಠ ಮಿತಿಯನ್ನು ಮೀರದಂತೆ ಗಾಳಿಯನ್ನು ಮಾಮೂಲಿಗಿಂತ ಹೆಚ್ಚಿಡಿ. ನೆಲಕ್ಕೆ ತಾಗುವ ಭಾಗ ಕಡಿಮೆಯಾಗಿ, ಇರುವ ಶಕ್ತಿಯಲ್ಲೇ ಹಿಂಭಾಗ ಹೆಚ್ಚು ಹೊತ್ತು ಜಾರುತ್ತದೆ. ವಾಪಸು ಹೊರಡುವ ಮುನ್ನ ಗಾಳಿ ಇಳಿಸುವುದನ್ನು ಮರೆಯಬೇಡಿ. ಹ್ಯಾಂಡ್‌ಬ್ರೇಕಿಗೂ ಹೈಡ್ರಾಲಿಕ್ ಬೇಕಾಗಿಲ್ಲ. ಹಿಂದಿನ ಬ್ರೇಕ್ ಡ್ರಮ್ಮುಗಳನ್ನು ಬಿಚ್ಚಿ ಸ್ವಚ್ಛಮಾಡಿ, ಒಳಗಿನ ಬ್ರೇಕ್ ಶೂ ಸರಿಹೊಂದಿಸಿ, ಹಿಗ್ಗಿದ ಕೇಬಲ್ ಬದಲಾಯಿಸಿದರೆ ಒಂದೇ ಎಳೆತಕ್ಕೆ ಚಕ್ರ ಕಚ್ಚಿ ನಿಲ್ಲುತ್ತದೆ. ಅರ್ಧ ದಿನದ ಕೆಲಸ.

ಕೋಟೆ ಬೀದಿ ವಕೀಲ (ಚಿತ್ರದುರ್ಗ):

ಮೇಲಿನ ಇಬ್ಬರೂ ನಿಮ್ಮ ಗೆಳೆಯರ ಮೂರನೆಯ ಸಲಹೆಯನ್ನು, ಅಂದರೆ ಖಾಲಿ ರಸ್ತೆಯ ರಾತ್ರಿ ಅಭ್ಯಾಸವನ್ನು, ಮುಟ್ಟಲಿಲ್ಲ. ನನ್ನ ವೃತ್ತಿಗೆ ಸೇರಿದ್ದು ಅದೊಂದೇ.

ಬಡಾವಣೆಯ ರಸ್ತೆ ಖಾಲಿಯಿದ್ದರೂ, ಮನೆಗಳು ಇನ್ನೂ ಏಳದಿದ್ದರೂ, ಸಾರ್ವಜನಿಕರಿಗೆ ಅಲ್ಲಿ ಓಡಾಡುವ ಹಕ್ಕಿದ್ದರೆ ಅದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳವೇ. ಅಂಥಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಪಂದ್ಯ ಓಡಿಸಿದರೆ 189ನೆಯ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಮೂರು ತಿಂಗಳವರೆಗೆ ಸೆರೆವಾಸ ಇಲ್ಲವೇ 5,000 ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಅಥವಾ 10,000 ರೂಪಾಯಿಯವರೆಗೆ. ‘ನಾನೊಬ್ಬನೇ ಸುತ್ತುತ್ತಿದ್ದೆ, ಪಂದ್ಯವಲ್ಲ’ ಎಂಬ ವಾದವನ್ನು ನನ್ನ ಕಕ್ಷಿದಾರರು ಮುಂದಿಟ್ಟದ್ದುಂಟು. ಅದಕ್ಕೆ ಅಪಾಯಕಾರಿ ಚಾಲನೆಯ 184ನೆಯ ಕಲಂ ಇದೆ, ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮೂ ಇದೆ. ಮುಖ್ಯವಾದ ಇನ್ನೊಂದು ವಿಷಯವೆಂದರೆ, ನಿಮ್ಮ ವಿಮೆಯ ಪಾಲಿಸಿಯಲ್ಲಿ ವಾಹನದ ಬಳಕೆಯ ಮಿತಿಗಳು ಎಂಬ ಭಾಗವನ್ನು ತೆಗೆದು ಓದಿ. ಸಂಘಟಿತ ರೇಸು ಮತ್ತು ವೇಗಪರೀಕ್ಷೆಗೆ ಬಳಸಿದಾಗ ವಿಮೆ ಅನ್ವಯಿಸದೆಂದು ಅಲ್ಲಿ ಬರೆದಿರುತ್ತದೆ. ಎಂದರೆ ಸ್ಪರ್ಧೆಯ ಅಂಗಳದಲ್ಲಿ ನಿಮ್ಮ ಕಾರಿಗಾದ ಪೆಟ್ಟಿನ ಖರ್ಚೂ ನಿಮ್ಮದೇ. ಇನ್ನು ಮುಂದೆ ಹೆಸರು ನೋಂದಾಯಿಸುವ ಮುನ್ನ, ಸ್ಪರ್ಧೆಗೆ ಭಾರತೀಯ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ಅನುಮತಿ ಇದೆಯೇ, ಆಂಬುಲೆನ್ಸ್ ನಿಂತಿರುತ್ತದೆಯೇ ಎಂದು ಕೇಳಿಕೊಳ್ಳಿ.

ಹದಡಿ ರಸ್ತೆಯವನು:

ಮೂವರಿಗೂ ಕೃತಜ್ಞತೆಗಳು. ಪಾಲಿಸಿ ತೆಗೆದು ನೋಡಿದೆ, ವಕೀಲರು ಹೇಳಿದ ಸಾಲು ಹಾಗೆಯೇ ಇದೆ. ರಾತ್ರಿ ಅಭ್ಯಾಸದ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ವೆಲ್ಡಿಂಗೂ ಇಲ್ಲ, ಡ್ರಮ್ಮು ಬಿಚ್ಚಿಸಿದಾಗ ಎಡಗಡೆಯ ಶೂಗೆ ಎಣ್ಣೆ ಹತ್ತಿದ್ದು ಕಂಡಿತು, ಸೀಲು ಬದಲಾಯಿಸಲು ಕೊಟ್ಟಿದ್ದೇನೆ.

ಜಾಗದ ವಿಷಯದಲ್ಲಿ ಒಂದು ದಾರಿ ಕಾಣುತ್ತಿದೆ. ನಮ್ಮ ಮಾವನವರಿಗೆ ಊರ ಹೊರಗೆ ಮೆಕ್ಕೆಜೋಳ ಒಣಗಿಸುವ ಕಾಂಕ್ರೀಟ್ ಕಣವಿದೆ, ಸುತ್ತ ಬೇಲಿಯೂ ಗೇಟೂ ಇವೆ. ಸುಗ್ಗಿ ಮುಗಿದ ಮೇಲೆ ಅದು ತಿಂಗಳುಗಟ್ಟಲೆ ಖಾಲಿ. ‘ಟೈರಿನ ಕಪ್ಪು ಕಲೆ ಉಳಿದರೆ ನೀನೇ ತಿಕ್ಕಿ ತೊಳೆಯಬೇಕು’ ಎಂಬ ಕರಾರಿನ ಮೇಲೆ ಒಪ್ಪಿದ್ದಾರೆ. ಸುಮಾರು ನಲವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ. ಅಷ್ಟರಲ್ಲಿ ಏನನ್ನು ಅಭ್ಯಾಸ ಮಾಡಬಹುದು?

ದುರ್ಗದ ನ್ಯಾವಿಗೇಟರ್:

ಬೇಕಾದಷ್ಟಾಯಿತು. ನಡುವಿನಲ್ಲಿ ಒಂದೇ ಕೋನು ಇಟ್ಟು, ಮೊದಲ ದಿನವಿಡೀ ಅದರ ಸುತ್ತ ಎಡಕ್ಕೆ, ಆಮೇಲೆ ಬಲಕ್ಕೆ, ಎರಡನೆಯ ಗೇರಿಗೆ ಹೋಗದೆ ಸುತ್ತಿರಿ. ಆಕ್ಸಲರೇಟರಿನಿಂದ ವೃತ್ತವನ್ನು ಹಿಗ್ಗಿಸಿ ಕುಗ್ಗಿಸಲು ಬಂದ ಮೇಲೆಯೇ ಎರಡು ಕೋನುಗಳನ್ನು ಹದಿನೈದು ಮೀಟರ್ ಅಂತರದಲ್ಲಿಟ್ಟು ಇಂಗ್ಲಿಷಿನ ಎಂಟರ ಆಕಾರದಲ್ಲಿ ಓಡಿಸಿ. ನೀವು ಗಿರಕಿ ಹೊಡೆದ ಆ ಮಗ್ಗುಲು ಬದಲಾವಣೆ ಅದರಲ್ಲಿ ಪ್ರತಿ ಸುತ್ತಿಗೆ ಎರಡು ಬಾರಿ ಬರುತ್ತದೆ. ಕಣದ ಅಂಚಿನಿಂದ ಐದು ಮೀಟರ್ ಒಳಗೇ ಇರಿ, ಷಡ್ಡಕರನ್ನು ಬೇಲಿಯ ಆಚೆ ನಿಲ್ಲಿಸಿ, ಅವರ ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಶುರುಮಾಡುವ ಮುನ್ನ ಕಣವನ್ನು ಎರಡು ಸಲ ಗುಡಿಸಿ. ಉಳಿದ ಜೋಳದ ಕಾಳು ಟೈರಿನ ಕೆಳಗೆ ಸಿಕ್ಕರೆ ಗೋಲಿಯಂತೆ ಉರುಳುತ್ತದೆ. ಆಗ ಕಾರು ಜಾರಿದ್ದು ನಿಮ್ಮ ಕೈಯಿಂದಲೋ ಕಾಳಿನಿಂದಲೋ ಗೊತ್ತಾಗುವುದಿಲ್ಲ.