ಪದಚರ್ಚೆ: ‘ಮೆರಿಟ್ಸ್ ರಿವ್ಯೂ’ಗೆ ‘ಮೇಲ್ಮನವಿ’ ಅಂದರೆ ಸಾಕೇ?

ಗೆಳೆಯರೇ, ಒಂದು ಪದಕ್ಕೆ ತಡಕಾಡುತ್ತಿದ್ದೇನೆ.

ಆಸ್ಟ್ರೇಲಿಯಾದಲ್ಲಿ ರಕ್ಷಣೆ ಕೇಳಿ ಹಾಕಿದ ವೀಸಾ ಅರ್ಜಿ ತಿರಸ್ಕಾರವಾದರೆ ಮುಂದೇನು ಅನ್ನುವುದನ್ನು ಸರಳ ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಅಲ್ಲಿ 2024ರ ಅಕ್ಟೋಬರ್ 14ರಿಂದ ‘ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್’ ಅಂತ ಹೊಸ ನ್ಯಾಯಮಂಡಳಿ ಬಂದಿದೆ. ಬಂಧನದಲ್ಲಿ ಇಲ್ಲದವರು 28 ದಿನದೊಳಗೆ ಅಲ್ಲಿಗೆ ಹೋಗಬೇಕು. ಅದು ಮಾಡುವ ಕೆಲಸದ ಹೆಸರು ‘ಮೆರಿಟ್ಸ್ ರಿವ್ಯೂ’, ಅಂದರೆ ಇಡೀ ಅರ್ಜಿಯನ್ನು ಹೊಸದಾಗಿ ತೂಗಿ ನೋಡುವುದು. ನಾನು ಸುಮ್ನೆ ‘ಮೇಲ್ಮನವಿ’ ಅಂತ ಬರೆದೆ.

ಸಾಗರದಲ್ಲಿ ನಮ್ಮ ಪಕ್ಕದ ಮನೆ ಅಜ್ಜ ಜಗಲಿಯಲ್ಲಿ ಕೂತು ಓದಿದರು. ಅವರ ಮನೆಯಲ್ಲಿ ಗೇಣಿ ಜಮೀನಿಗೆ 1974ರ ಭೂ ಸುಧಾರಣೆ ಕಾನೂನಿನಂತೆ ಫಾರಂ 7 (ಗೇಣಿದಾರರು ಜಮೀನಿನ ಹಕ್ಕು ಕೇಳುವ ಅರ್ಜಿ) ಹಾಕಿ, ಭೂ ನ್ಯಾಯಮಂಡಳಿಗೆ ವರ್ಷಗಟ್ಟಲೆ ಓಡಾಡಿದ್ದಾರೆ. ‘ಮೇಲ್ಮನವಿ ಅಂದ್ರೆ ಇನ್ನು ಹೊಸ ಕಾಗ್ದ ಕೊಡೋ ಹಂಗಿಲ್ಲ ಅಲ್ವಾ ಮಾರಾಯ?’ ಅಂದರು. ಸಿಕ್ಕಿಬಿದ್ದೆ. ಯಾಕಂದರೆ ಆಸ್ಟ್ರೇಲಿಯಾದ ಟ್ರಿಬ್ಯೂನಲ್‌ಗೆ ಹೊಸ ಕಾಗದ ಕೊಡಬಹುದು.

‘ಮರುಪರಿಶೀಲನೆ’ಯೂ ಸರಿ ಕೂರುತ್ತಿಲ್ಲ. ತಿರಸ್ಕರಿಸಿದ ಅಧಿಕಾರಿಯೇ ಫೈಲು ಮತ್ತೊಮ್ಮೆ ತಿರುವಿ ಹಾಕಿದ ಹಾಗೆ ಕೇಳಿಸುತ್ತದೆ. ಇಲ್ಲಿ ನೋಡುವವರೇ ಬೇರೆ. ಟ್ರಿಬ್ಯೂನಲ್ ಸದಸ್ಯರು ಆ ಅಧಿಕಾರಿಯ ಕುರ್ಚಿಯಲ್ಲಿ ತಾವು ಕೂತು ಮೊದಲಿಂದ ತೀರ್ಮಾನ ಮಾಡುತ್ತಾರೆ. ಅರ್ಜಿದಾರರ ಮಾತನ್ನು ಖಾಸಗಿಯಾಗಿ ಕೇಳುತ್ತಾರೆ. ಅವರ ದೇಶದ ಇವತ್ತಿನ ಪರಿಸ್ಥಿತಿ ನೋಡುತ್ತಾರೆ. ಆದರೆ ಮೊದಲು ಹೇಳದ ಸಂಗತಿಯನ್ನು ಈಗ ಎತ್ತಿದರೆ, ಆಗ ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಸರಿಯಾದ ಕಾರಣ ಬೇಕು. ಇಲ್ಲದಿದ್ದರೆ ಆ ಮಾತಿಗೆ ತೂಕ ಕಮ್ಮಿ. ಟ್ರಿಬ್ಯೂನಲ್ ದಾಟಿ ಕೋರ್ಟಿಗೆ ಹೋದರೆ ಲೆಕ್ಕವೇ ಬೇರೆ. ಕಾನೂನಿನ ತಪ್ಪು ಆಗಿದೆಯೇ ಅಂತ ಮಾತ್ರ ಅಲ್ಲಿ ನೋಡುವುದು.

ಪರೀಕ್ಷೆ ಬರೆದವರಿಗಾದರೆ ಸುಲಭವಾಗಿ ಹೇಳಬಹುದು. ಟ್ರಿಬ್ಯೂನಲ್ ಮಾಡುವುದು ಮರುಮೌಲ್ಯಮಾಪನ, ಕೋರ್ಟಿನದು ಹೆಚ್ಚುಕಮ್ಮಿ ಮರುಎಣಿಕೆ. (ಹೊಸ ಹಾಳೆ ಸೇರಿಸಲು ಬಿಡುವ ಮರುಮೌಲ್ಯಮಾಪನ ನಮ್ಮಲ್ಲಿಲ್ಲ, ಬಿಡಿ.)

ಇನ್ನೊಂದು ತೊಡಕು ‘ರಿಮಿಟ್’. ‘ಟ್ರಿಬ್ಯೂನಲ್ ಅರ್ಜಿಯನ್ನು ಇಲಾಖೆಗೆ ವಾಪಸ್ ಕಳಿಸಬಹುದು’ ಅಂತ ಬರೆದಿದ್ದೆ. ಅಜ್ಜ ‘ಪಾಪ, ಸೋತ್ರಾ?’ ಅಂದರು. ಅವರ ಕೇಸು ದೊಡ್ಡ ಕೋರ್ಟಿಗೆ ಹೋಗಿ ಎರಡು ಸಲ ವಾಪಸ್ ಬಂದಿತ್ತು. ಎರಡು ಸಲವೂ ಮತ್ತೆ ಮೊದಲಿಂದ ಶುರು. ಆದರೆ ಆಸ್ಟ್ರೇಲಿಯಾದಲ್ಲಿ ಟ್ರಿಬ್ಯೂನಲ್‌ನಿಂದ ಇಲಾಖೆಗೆ ವಾಪಸ್ ಬಂದರೆ ಸಾಮಾನ್ಯವಾಗಿ ಗೆದ್ದ ಹಾಗೆ. ‘ಇವರು ರಕ್ಷಣೆಗೆ ಅರ್ಹರು’ ಎಂಬ ನಿರ್ದೇಶನದ ಜೊತೆಗೇ ಫೈಲು ಹೋಗುತ್ತದೆ. ಆರೋಗ್ಯ, ಭದ್ರತೆಯ ತಪಾಸಣೆ ಮುಗಿಸಿ ವೀಸಾ ಕೊಡಬೇಕಾದ್ದು ಇಲಾಖೆ. ‘ನಿರ್ದೇಶನದೊಂದಿಗೆ ಮರಳಿಸುವುದು’ ಅಂದರೆ ಉದ್ದವಾಯಿತೇ?

‘ರೆಫ್ಯೂಜಿ’ಗೆ ಬಳಸುವ ‘ನಿರಾಶ್ರಿತ’ ಪದದ ಬಗ್ಗೆಯೂ ನನಗೆ ಅಳುಕು. ಭಿಕ್ಷುಕರನ್ನು ಇಡುವ ಸರ್ಕಾರಿ ಜಾಗಕ್ಕೂ ‘ನಿರಾಶ್ರಿತರ ಪರಿಹಾರ ಕೇಂದ್ರ’ ಅಂತಲೇ ಬೋರ್ಡು. ರೆಫ್ಯೂಜಿಗಳ ಬಗ್ಗೆ ದೇಶಗಳು ಮಾಡಿಕೊಂಡ 1951ರ ಒಪ್ಪಂದದ ಪ್ರಕಾರ ಕೇಳುವುದು ಸೂರು ಇದೆಯೇ ಅಂತಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ನಿಲುವು, ಇವುಗಳಿಂದಾಗಿ ಊರಿಗೆ ಮರಳಲು ಹೆದರಿಕೆ ಇದೆಯೇ ಅಂತ. ಮನೆ, ತೋಟ ಎಲ್ಲ ಇದ್ದವರೂ ಓಡಿ ಬಂದಿರುತ್ತಾರೆ. ಶರಾವತಿ ಹಿನ್ನೀರಲ್ಲಿ ಊರು ಕಳೆದುಕೊಂಡವರಿಗೆ ನಾವು ‘ಮುಳುಗಡೆಯವರು’ ಅನ್ನುತ್ತೇವೆ. ಪದದಲ್ಲೇ ಕಾರಣ ಇದೆ. ಹೀಗೆ ಹೆದರಿ ಓಡಿ ಬಂದವರಿಗೂ ಅಂಥದ್ದೊಂದು ಪದ ಸಿಗಬಹುದೇ?

ಸದ್ಯಕ್ಕೆ ‘ಮೆರಿಟ್ಸ್ ರಿವ್ಯೂ’ಗೆ ‘ಮರುತೀರ್ಮಾನ’ ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ. ಅಜ್ಜನಿಗೆ ಓದಿ ನೋಡುತ್ತೇನೆ.