ಅಜ್ಜಿಯ ಮಾತ್ರೆ ಡಬ್ಬ
ಚಿಕ್ಕಮ್ಮ, ಮೆಡಿಕಲ್ಸ್‌ನಲ್ಲಿ ರಶ್ ಇತ್ತು, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಅಜ್ಜಿಗೆ ಡಾಕ್ಟರು ಎಸ್ಸಿಟಾಲೊಪ್ರಾಮ್ 5 ಎಂಜಿ ಬರೆದಿದ್ದಾರೆ, ಜೊತೆಗೆ ಮಂಡಿನೋವಿನ ಮಾತ್ರೆ ಕೊಡಬಹುದಾ ಅಂತ ಕೇಳಿದ್ದೀರಿ. ಮಾವ ಆಗಲೇ "ಅದು ನಿದ್ದೆ ಮಾತ್ರೆ, ನಿಲ್ಲಿಸಿಬಿಡಿ" ಅಂದಿದ್ದಾರೆ. ಬೇಜಾರಾಗಬೇಡಿ ಮಾವ, ಅದು ನಿದ್ದೆ ಮಾತ್ರೆ ಅಲ್ಲ, ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಕೆಲವು ವಾರ ತೆಗೆದುಕೊಂಡ ಮೇಲೆ ಒಮ್ಮೆಲೇ ಬಿಟ್ಟರೆ ತಲೆ ತಿರುಗಬಹುದು, ತಲೆಯೊಳಗೆ ಶಾಕ್ ಹೊಡೆದ ಹಾಗಾಗಬಹುದು. ಬಿಡಿಸುವುದಿದ್ದರೆ ಡಾಕ್ಟರೇ ನಿಧಾನವಾಗಿ ಬಿಡಿಸುತ್ತಾರೆ.

ನನಗೆ ಭಯ ಇರುವುದು ಅಜ್ಜಿಯ ತಲೆದಿಂಬಿನ ಹತ್ತಿರದ ಬಿಸ್ಕತ್ ಡಬ್ಬದ ಬಗ್ಗೆ. ಎರಡು ಮಾತ್ರೆ ಕೇಳಿದರೆ ನಾವೇ ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತೇವಲ್ಲ, ಹೆಸರು ಇನ್ನೊಂದು ತುಂಡಿನಲ್ಲಿ ಉಳಿದುಬಿಡುತ್ತದೆ. ದೀಪಾವಳಿಗೆ ಬಂದಾಗ ಆ ಡಬ್ಬದಲ್ಲಿ ಅಂಥ ಏಳೆಂಟು ತುಂಡು ನೋಡಿದ್ದೆ. ಅಜ್ಜಿ ಬಣ್ಣ ನೋಡಿ ನುಂಗುತ್ತಾರೆ!

ನೋವಿಗೆ ಸದ್ಯಕ್ಕೆ ಬರೀ ಪ್ಯಾರಾಸಿಟಮಾಲ್ ಕೊಡಿ. ಆದರೆ ಸ್ಟ್ರಿಪ್ ಪೂರ್ತಿ ಓದಿ. ಪಕ್ಕದಲ್ಲಿ ಟ್ರಮಡಾಲ್ (ಜೋರು ನೋವಿನ ಔಷಧಿ) ಅಂತ ಇದ್ದರೆ ಬೇಡ. ಎರಡೂ ಸೇರಿಸಿದ ಮಾತ್ರೆ ನಮ್ಮಲ್ಲಿ ಜಾಸ್ತಿ ಓಡುತ್ತದೆ. ಅದು ಎಸ್ಸಿಟಾಲೊಪ್ರಾಮ್ ಜೊತೆ ಸೇರಿದರೆ ಮೈಯಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಅತಿಯಾಗಬಹುದು. ನಡುಕ, ವಿಪರೀತ ಬೆವರು, ಎದೆ ಹೊಡೆದುಕೊಳ್ಳುವುದು, ಜ್ವರ, ಗಲಿಬಿಲಿ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಎಸ್ಸಿಟಾಲೊಪ್ರಾಮ್ ಜೊತೆಯಾದರೆ ಹೊಟ್ಟೆಯಲ್ಲಿ ರಕ್ತ ಒಸರುವ ಅಪಾಯ ಹೆಚ್ಚುತ್ತದೆ. ಮಲ ಟಾರಿನಂತೆ ಕಪ್ಪಾದರೆ ಅದೇ ಗುರುತು, ಆಗಲೂ ತಡ ಮಾಡಬೇಡಿ.

ಇನ್ನೊಂದು. ಅಜ್ಜಿಯ ಬಿಪಿ ಮಾತ್ರೆಯ ಹೆಸರಿನ ಕೊನೆಗೆ 'ಎಚ್' ಇದೆಯಾ ನೋಡಿ. ಸಾಮಾನ್ಯವಾಗಿ ಅದರಲ್ಲಿ ಮೂತ್ರ ಹೋಗಿಸುವ ಔಷಧಿಯೂ ಇರುತ್ತದೆ. ಅದೂ ಎಸ್ಸಿಟಾಲೊಪ್ರಾಮೂ ಸೇರಿ ವಯಸ್ಸಾದವರಲ್ಲಿ ರಕ್ತದ ಸೋಡಿಯಂ (ಉಪ್ಪಿನ ಅಂಶ) ಇಳಿಸಬಹುದು. ಮಂಕಾಗಿ ಕೂತರೆ, ನಡೆಯುವಾಗ ತೂರಾಡಿದರೆ ವಯಸ್ಸಾಯ್ತು ಅಂತ ಬಿಟ್ಟುಬಿಡಬೇಡಿ. ಸೋಡಿಯಂ ಟೆಸ್ಟ್ ಯಾವಾಗ ಮಾಡಿಸಬೇಕು ಅಂತ ಡಾಕ್ಟರನ್ನು ಈಗಲೇ ಕೇಳಿಕೊಳ್ಳಿ.

ಒಂದು ದಿನ ಮರೆತರೆ ಮರುದಿನ ಎರಡು ನುಂಗಿಸಬೇಡಿ, ಒಂದೇ ಸಾಕು.

ಈಗ ಆ ಡಬ್ಬ ಹಾಸಿಗೆ ಮೇಲೆ ಸುರಿದು ಒಂದು ಫೋಟೋ ಕಳಿಸಿ. ಹೆಸರಿಲ್ಲದ ತುಂಡುಗಳನ್ನು ಬೇರೆ ಎತ್ತಿಡಿ, ಭಾನುವಾರ ಬಂದು ನಾನೇ ಒಯ್ಯುತ್ತೇನೆ. ಅಜ್ಜಿ ಬೈದರೆ ನನ್ನ ಹೆಸರು ಹೇಳಿ.